ಹೆಚ್ಚು ಹೊಡೆದರೆ ಹೆಚ್ಚು ಒರಟೇ?

ಕುಣಿಗಲ್‌ನ ಓದುಗರೊಬ್ಬರು ಕೇಳಿದ್ದಾರೆ: "ಹಳೇ ಗೇಟಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಬೇಕು. ಹೆಚ್ಚು ಹೊತ್ತು ಹೊಡೆಸಿದಷ್ಟೂ ಕಬ್ಬಿಣ ಒರಟಾಗಿ ಬಣ್ಣ ಗಟ್ಟಿಯಾಗಿ ಹಿಡಿಯುತ್ತದಂತೆ, ಹೌದೇ?"

ಬಣ್ಣಕ್ಕೆ ಒರಟು ಬೇಕು, ನಿಜ. ಸವೆದ ಬೀಸುಕಲ್ಲಿಗೆ ಉಳಿಪೆಟ್ಟು ಹಾಕಿಸದಿದ್ದರೆ ರಾಗಿ ಜಾರುತ್ತಿತ್ತಲ್ಲ, ಹಾಗೇ ನುಣುಪು ಕಬ್ಬಿಣದ ಮೇಲೆ ಪ್ರೈಮರ್‌ಗೆ ಹಿಡಿತ ಸಿಗದು. ಆದರೆ "ಹೊಡೆದಷ್ಟೂ ಒರಟು" ಎಂಬುದು ಸುಳ್ಳು.

ಬೇಸಿಗೆಯ ಮೊದಲ ಮಳೆಯನ್ನು ನೆನಪಿಸಿಕೊಳ್ಳಿ. ಅಂಗಳದ ಧೂಳಿನಲ್ಲಿ ದಪ್ಪ ಹನಿ ಬಿದ್ದಲ್ಲೆಲ್ಲ ಒಂದೊಂದು ಕುಳಿ. ಅಂಗಳವೆಲ್ಲ ಕುಳಿಯಾದ ಮೇಲೆ ಏನಾಗುತ್ತದೆ? ಹೊಸ ಹನಿ ತನ್ನ ಕುಳಿ ತೋಡುವಾಗಲೇ ಪಕ್ಕದ ಕುಳಿಯ ಏರಿಯನ್ನು ಕೆಡವುತ್ತದೆ. ಕಬ್ಬಿಣದ ಮೇಲೂ ಇದೇ ಆಟ. ಮೈಯೆಲ್ಲ ಒಮ್ಮೆ ಕುಳಿಯಾಯಿತೆಂದರೆ ಒರಟುತನ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಹೊಡೆದದ್ದೆಲ್ಲ ಗೇಟನ್ನು ತೆಳ್ಳಗೆ ಮಾಡುತ್ತದೆ, ಅಷ್ಟೇ. ಲಕ್ಷಾಂತರ ಕಣಗಳು ಯದ್ವಾತದ್ವಾ ಬಂದು ಅಪ್ಪಳಿಸಿ, ಕೊನೆಗೆ ಇಷ್ಟು ಅಚ್ಚುಕಟ್ಟಾದ ಅಳತೆಗೆ ಬಂದು ನಿಲ್ಲುವುದು ನನಗಂತೂ ಇಂದಿಗೂ ಬೆರಗು!

ಕುಳಿ ಎಷ್ಟು ಆಳ ಎಂಬುದನ್ನು ಗ್ರಿಟ್ಟಿನ (ಗಾಳಿಯ ರಭಸದಲ್ಲಿ ಹೊಡೆಯುವ ಚೂಪು ಕಣಗಳ) ಗಾತ್ರ, ಗಡಸುತನ, ಗಾಳಿಯ ಒತ್ತಡ, ನಾಝಲ್ ಹಿಡಿದ ಕೋನ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಗಾತ್ರದ ಮಾತೇ ಹೆಚ್ಚು ನಡೆಯುತ್ತದೆ. ಉಕ್ಕಿನ ರಕ್ಷಣಾ ಲೇಪನಕ್ಕೆ ಸಾಮಾನ್ಯವಾಗಿ 50ರಿಂದ 75 ಮೈಕ್ರಾನ್ ಆಳ ಸಾಕು, ತಲೆಗೂದಲಿನ ದಪ್ಪದಷ್ಟು. ಅದಕ್ಕಿಂತ ತೀರ ಆಳವಾದರೆ ಉಬ್ಬುಗಳ ತುದಿ ಬಣ್ಣದಿಂದ ಹೊರಗೆ ಇಣುಕುತ್ತದೆ, ತುಕ್ಕು ಅಲ್ಲಿಂದಲೇ ಶುರು.

ಚೂಪು ಗ್ರಿಟ್ ಬದಲು ಗುಂಡನೆಯ ಶಾಟ್ ಹೊಡೆದರೆ ಕಥೆಯೇ ಬೇರೆ. ಅದು ಕೊರೆಯುವುದಿಲ್ಲ, ಸುತ್ತಿಗೆಯಂತೆ ಬಡಿದು ಲೋಹದ ಮೇಲ್ಪದರವನ್ನು ಒತ್ತಿ ಬಿಗಿಮಾಡುತ್ತದೆ. ಬಿಗಿದ ಪದರದಲ್ಲಿ ಬಿರುಕು ಸುಲಭಕ್ಕೆ ಹುಟ್ಟದು. ಇದಕ್ಕೆ ಶಾಟ್ ಪೀನಿಂಗ್ ಎಂದು ಹೆಸರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ. ಹೆಲಿಕಾಪ್ಟರಿನಂಥ ಸದಾ ಅದುರುವ ಯಂತ್ರಗಳ ಗೇರುಗಳು ಬಾಳುವುದರ ಹಿಂದೆ ಈ ಬಡಿತವೂ ಇದೆ.

ಇನ್ನೊಂದು ಮಾತು. ತುಮಕೂರಿನ ಶೆಡ್ಡೊಂದರಲ್ಲಿ, ಜಿಟಿಜಿಟಿ ಮಳೆಯ ದಿನ, ಆಗಷ್ಟೇ ಬ್ಲಾಸ್ಟ್ ಮಾಡಿದ ಕಂಬಿಗಳು ಬೂದುಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದವು. ಪ್ರೈಮರ್ ಡಬ್ಬಿ ತೆರೆದೇ ಇತ್ತು. "ರಾಹುಕಾಲ ಕಳೀಲಿ ಸಾರ್, ಆಮೇಲೆ ಹೊಡಿಯೋಣ" ಎಂದರು ಶೆಡ್ಡಿನವರು. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಕಂಬಿಗಳ ಮೇಲೆ ತೆಳುವಾಗಿ ಕಾವಿ ಕೂತಿತ್ತು. ಬೆತ್ತಲೆ ಕಬ್ಬಿಣಕ್ಕೆ ತೇವವೇ ರಾಹು. ಪಂಚಾಂಗ ನೋಡುತ್ತ ಕಬ್ಬಿಣವನ್ನು ಹಾಗೇ ಬಿಡುವುದು ಶುದ್ಧ ಮೂಢತನ.

ಕೊನೆಗೊಂದು ಕೋರಿಕೆ. ಹೆಸರಿನಲ್ಲಿ 'ಸ್ಯಾಂಡ್' ಇದೆಯೆಂದು ಮರಳು ಹೊಡೆಸಬೇಡಿ. ಒಡೆದ ಮರಳಿನ ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಗಾರ್ನೆಟ್ ಅಥವಾ ಉಕ್ಕಿನ ಗ್ರಿಟ್ ಇದೆಯೇ ಎಂದು ಮೊದಲು ಕೇಳಿ. ಇಲ್ಲವೆಂದರೆ ಗೇಟನ್ನು ಬೇರೆ ಶೆಡ್ಡಿಗೆ ಒಯ್ಯಿರಿ.