ಕಡಲಡಿಯ ಕಸುಬು: ತರಬೇತಿಯ ವೆಚ್ಚ ಯಾರದು?

ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪವು ಸ್ಕೂಬಾ ಡೈವಿಂಗ್‌ಗೆ ಹೆಸರಾಗಿದೆ. ದೋಣಿ, ವಸತಿಗೃಹ, ಖಾನಾವಳಿ ಹೀಗೆ ಹಲವು ವ್ಯವಹಾರಗಳಿಗೆ ಇದರಿಂದ ಆದಾಯವುಂಟು. ಆದರೆ ಪ್ರವಾಸಿಗರನ್ನು ನೀರಿನೊಳಗೆ ಕರೆದೊಯ್ಯುವ ಹುದ್ದೆಗೆ ಮಾನ್ಯ ಪ್ರಮಾಣಪತ್ರ ಬೇಕು. ಕಡಲಿನ ಗುಣ ಬಲ್ಲ ಮೀನುಗಾರರ ಮಗನಾದರೂ ಅದಿಲ್ಲದಿದ್ದರೆ ದೋಣಿಯಲ್ಲಿಯೇ ಉಳಿಯಬೇಕಾಗುತ್ತದೆ.

1966ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಪಾಡಿ' ಸಂಸ್ಥೆಯ ಕ್ರಮವನ್ನೇ ನೋಡಬಹುದು. ಮೊದಲ ಹಂತವಾದ 'ಓಪನ್ ವಾಟರ್' ಕಲಿತವರು 18 ಮೀಟರ್, 'ಅಡ್ವಾನ್ಸ್ಡ್' ಕಲಿತವರು 30 ಮೀಟರ್ ಆಳದವರೆಗೆ ಇಳಿಯಬಹುದು. ಬಳಿಕ ರಕ್ಷಣಾ ತರಬೇತಿ. ಅನಂತರದ 'ಡೈವ್ ಮಾಸ್ಟರ್' ಹಂತದಿಂದಲೇ ಕಸುಬು ಆರಂಭ. ಅದಕ್ಕೆ 18 ವರ್ಷ ತುಂಬಿರಬೇಕು. ಸೇರುವಾಗ 40, ಮುಗಿಸುವಾಗ 60 ಮುಳುಗುಗಳು ದಾಖಲೆ ಪುಸ್ತಕದಲ್ಲಿರಬೇಕು. ಬೋಧಕರ ಪರೀಕ್ಷೆಗೆ 100.

ಲೆಕ್ಕ ತಿಳಿದವರು ಗಮನಿಸಬೇಕಾದುದು ಇಲ್ಲಿಯೇ. ಶುಲ್ಕಕ್ಕಿಂತ ಈ ಮುಳುಗುಗಳ ಸಂಖ್ಯೆಯೇ ಭಾರ. ಪ್ರತಿಯೊಂದಕ್ಕೂ ದೋಣಿ, ಡೀಸೆಲ್, ಗಾಳಿ ತುಂಬಿದ ಸಿಲಿಂಡರು ಬೇಕು. ಹೊರಗಿನ ಅಭ್ಯರ್ಥಿ ಪೂರ್ತಿ ದರ ತೆರುತ್ತಾನೆ. ಕೇಂದ್ರದಲ್ಲಿಯೇ ಸಹಾಯಕನಾಗಿರುವ ಹುಡುಗನು ಹೇಗೂ ಹೊರಡುವ ದೋಣಿಯ ಖಾಲಿ ಜಾಗದಲ್ಲಿ ಹೋದರೆ, ಮಾಲೀಕನಿಗೆ ತಗಲುವ ಹೆಚ್ಚುವರಿ ವೆಚ್ಚ ಸಿಲಿಂಡರಿನ ಗಾಳಿಯದು ಮತ್ತು ಜೊತೆಗಿಳಿಯುವ ಬೋಧಕನ ಸಮಯದ್ದು ಮಾತ್ರ. ಸ್ಥಳೀಯರನ್ನು ತರಬೇತುಗೊಳಿಸಲು ಇದಕ್ಕಿಂತ ಅಗ್ಗದ ಮಾರ್ಗವಿಲ್ಲ.

ಕಲಿತವನು ಮರುದಿನವೇ ಅಂಡಮಾನಿಗೋ ಮಾಲ್ಡೀವ್ಸ್‌ಗೋ ಹೊರಟರೆ? ಮಾಲೀಕರ ಈ ಅಳುಕು ನಿರಾಧಾರವಲ್ಲ. ಬಿಟ್ಟುಹೋದ ಮೇಲೆ ಬೇರೆಡೆ ದುಡಿಯಬಾರದೆಂಬ ಷರತ್ತು 1872ರ ಕರಾರು ಕಾಯಿದೆಯ 27ನೇ ಕಲಮಿನ ಮುಂದೆ ನಿಲ್ಲದು. ಆದರೆ ನಿಗದಿತ ಅವಧಿಗೆ ಮುನ್ನ ತೊರೆದರೆ ಗೊತ್ತಾದ ಮೊತ್ತ ಕೊಡಬೇಕೆಂಬ ಕರಾರು ಬೇರೆ ಮಾತು. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ 3 ವರ್ಷಕ್ಕೆ ಮುನ್ನ ತೊರೆದರೆ 2 ಲಕ್ಷ ರೂ. ತೆರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಎತ್ತಿಹಿಡಿಯಿತು. ಅದು ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ವೆಚ್ಚವನ್ನು ಗಮನಿಸಿ ಬಂದ ತೀರ್ಪು. ಖಾಸಗಿ ಮಾಲೀಕರು ಅದೇ ಮೊತ್ತವನ್ನು ನಕಲು ಮಾಡುವುದು ಜಾಣತನವಲ್ಲ. ವೋಚರುಗಳಿಂದ ತೋರಿಸಬಲ್ಲ ನೈಜ ವೆಚ್ಚ, ದುಡಿದಷ್ಟು ತಿಂಗಳಿಗೆ ತಕ್ಕಂತೆ ಕರಗುವ ಬಾಕಿ, ಇವೆರಡನ್ನೂ ಬರೆದಿಟ್ಟರೆ ಕರಾರಿಗೆ ಬಲ. ಬಾಯಿಮಾತಿನ ಒಪ್ಪಂದಗಳಿಗೆ ಏನಾಗುತ್ತದೆಂಬುದು ವರ್ತಕರಿಗೆ ಹೊಸದಾಗಿ ಹೇಳಬೇಕಾದ್ದಲ್ಲ.

ತರಬೇತಿಯಲ್ಲಿ ಖರ್ಚು ಕಡಿಮೆ ಮಾಡಬಾರದ ಭಾಗವೂ ಇದೆ. ಕಂಪ್ರೆಸರು ಗಾಳಿ ಎಳೆಯುವ ಕೊಳವೆಯ ಬಳಿ ಡೀಸೆಲ್ ಹೊಗೆ ಸುಳಿದರೆ ಸಿಲಿಂಡರಿಗೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ, ದಡದಲ್ಲಿ ಅಲ್ಪವೆನಿಸಿದ ವಿಷ ಆಳದಲ್ಲಿ ಪ್ರಬಲವಾಗುತ್ತದೆ. ಶೋಧಕಗಳನ್ನು ಬದಲಿಸಿದ ದಿನಾಂಕವನ್ನು ಬರೆದಿಡುವ ಅಭ್ಯಾಸವೂ ಪಾಠದ ಭಾಗವೇ.

ಮಳೆಗಾಲದಲ್ಲಿ ಸಮುದ್ರ ಮುಚ್ಚಿರುತ್ತದೆ, ವೇತನ ನಿಲ್ಲದು. ಉತ್ತರಕಾಶಿಯಲ್ಲಿ 1965ರಲ್ಲಿ ಸ್ಥಾಪಿತವಾದ ನೆಹರೂ ಪರ್ವತಾರೋಹಣ ಸಂಸ್ಥೆಯಂತಹೆಡೆ ಪ್ರಾಥಮಿಕ, ಉನ್ನತ ಹಾಗೂ ಬೋಧನಾ ವಿಧಾನದ ಶಿಬಿರಗಳಿವೆ. ಚಾರಣ, ಬಂಡೆ ಏರುವಿಕೆಯನ್ನೂ ಕಲಿಸಬಲ್ಲ ನೌಕರನಿದ್ದರೆ, ಅಕ್ಟೋಬರಿನವರೆಗೆ ಅವನನ್ನು ಖಾಲಿ ಕೂರಿಸಬೇಕಾಗದು.