ವೇಗ ಸೋರುವುದೆಲ್ಲಿ? ಲೈನಿನಲ್ಲೋ, ರೂಟರಿನಲ್ಲೋ

ಮನೆಗೆ ಬರುವ ಲೈನ್, ಮನೆಯೊಳಗೆ ಅದನ್ನು ಹಂಚುವ ರೂಟರ್, ಇವೆರಡರಲ್ಲಿ ಯಾವುದು ಸೊರಗಿದೆಯೋ ಅದರ ವೇಗವೇ ಬಳಕೆದಾರನಿಗೆ ದಕ್ಕುವುದು. ರೂಟರ್ ಅಂಗಡಿಯಲ್ಲಿ ಸಿಗುವ ವಸ್ತುವಾದ್ದರಿಂದ ಅನುಮಾನ ಮೊದಲು ಅದರ ಮೇಲೆ ಬೀಳುತ್ತದೆ. ಹೊಸದು ಬಂದ ಮೇಲೂ ವೇಗ ಹಾಗೇ ಇದ್ದರೆ ಆಗ ಲೈನಿನ ಕಡೆ ಗಮನ ಹೋಗುತ್ತದೆ.

ಲೈನಿನ ಗುಣಮಟ್ಟದ ಮಹಿಮೆ ತಾಮ್ರದ ತಂತಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಿಎಸ್‌ಎನ್‌ಎಲ್ 2005ರಲ್ಲಿ ಡಾಟಾಒನ್ ಹೆಸರಿನಲ್ಲಿ ಕೊಟ್ಟ ಎಡಿಎಸ್‌ಎಲ್ ಸಂಪರ್ಕ, ಫೋನಿನ ಮಾತು ಬಳಸದ ಮೇಲಿನ ಆವರ್ತನಗಳಲ್ಲಿ ಹರಿಯುವಂಥದ್ದು. ಸುಮಾರು 1.1 ಮೆಗಾಹರ್ಟ್ಸ್‌ವರೆಗಿನ ಹರವನ್ನು ಮೋಡೆಮ್ 4.3125 ಕಿಲೋಹರ್ಟ್ಸ್ ಅಂತರದ ಕಿರುದಾರಿಗಳಾಗಿ ಸೀಳುತ್ತದೆ. ಒಂದೊಂದರಲ್ಲೂ ಗದ್ದಲವೆಷ್ಟೆಂದು ಅಳೆದು, ಅದಕ್ಕೆ ತಕ್ಕಷ್ಟು ಬಿಟ್ ತುಂಬುತ್ತದೆ. ಫೋನ್ ಎಕ್ಸ್‌ಚೇಂಜಿನಿಂದ ದೂರ ಹೆಚ್ಚಿದಂತೆ ಮೇಲಿನ ಕಿರುದಾರಿಗಳು ಮೊದಲು ಕ್ಷೀಣಿಸುತ್ತವೆ. ಹಾಗಾಗಿ ಇದರ ಮುಂದಿನ ಆವೃತ್ತಿಯಾದ ಎಡಿಎಸ್‌ಎಲ್2+ ಹೇಳುವ 24 ಎಂಬಿಪಿಎಸ್ ಎಕ್ಸ್‌ಚೇಂಜಿನ ನೆರೆಯವರ ಭಾಗ್ಯ. ಜಾಯಿಂಟಿಗೆ ಇಳಿದ ಮಳೆನೀರು, ಹಸಿರು ಕಿಲುಬು, ಮಾತನ್ನೂ ಡೇಟಾವನ್ನೂ ಬೇರ್ಪಡಿಸುವ ಸ್ಪ್ಲಿಟರ್ ಇಲ್ಲದೆ ಜೋಡಿಸಿದ ಎರಡನೇ ಫೋನ್, ಎಲ್ಲವೂ ವೇಗವನ್ನು ತಿನ್ನುತ್ತವೆ. ಮೋಡೆಮ್ ತೋರಿಸುವ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಾಳಿಕೊಳ್ಳಲು ಸಂಕೇತಕ್ಕೆ ಉಳಿದಿರುವ ಬಿಡುವು) 6 ಡೆಸಿಬೆಲ್‌ಗಿಂತ ತೀರಾ ಕೆಳಗಿಳಿದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ.

ಗದ್ದಲ ತಂತಿಯಲ್ಲೇ ಹುಟ್ಟಬೇಕೆಂದಿಲ್ಲ. ವೇಲ್ಸ್‌ನ ಅಬರ್‌ಹೋಸನ್ ಹಳ್ಳಿಯಲ್ಲಿ 18 ತಿಂಗಳ ಕಾಲ ದಿನಾ ಬೆಳಿಗ್ಗೆ ಏಳಕ್ಕೆ ಬ್ರಾಡ್‌ಬ್ಯಾಂಡ್ ಕುಸಿಯುತ್ತಿತ್ತು. ಅಲ್ಲಿನ ಲೈನುಗಳನ್ನು ನೋಡಿಕೊಳ್ಳುವ ಓಪನ್‌ರೀಚ್ ಸಂಸ್ಥೆಯ ಎಂಜಿನಿಯರರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿದರು, ಕೇಬಲನ್ನೇ ಬದಲಿಸಿದರು. ಏಳು ಗಂಟೆಯ ಕಾಟ ತಪ್ಪಲಿಲ್ಲ. ಕೊನೆಗೆ ಬೆಳಗಿನ ಆರಕ್ಕೇ ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಸುರಿವ ಮಳೆಯಲ್ಲಿ ಊರು ಸುತ್ತಿದರು. ಸರಿಯಾಗಿ ಏಳಕ್ಕೆ ಉಪಕರಣದಲ್ಲಿ ವಿದ್ಯುತ್ ಗದ್ದಲ ಎದ್ದಿತು. ಮೂಲ ಹುಡುಕುತ್ತ ಹೋದರೆ ಸಿಕ್ಕಿದ್ದು ಒಂದು ಮನೆಯ ಹಳೇ ಟಿವಿ! ಮನೆಯವರು ನಾಚಿಕೊಂಡು ಅದನ್ನು ಮತ್ತೆ ಹಚ್ಚುವುದಿಲ್ಲವೆಂದರು. ಊರಿನ ತೊಂದರೆ ಅಲ್ಲಿಗೆ ಮುಗಿಯಿತು. 2020ರ ಸೆಪ್ಟೆಂಬರಿನಲ್ಲಿ ಸುದ್ದಿಯಾದ ಈ ಪ್ರಸಂಗ ಎಷ್ಟು ಸಲ ಓದಿದರೂ ಹಳತಾಗುವುದಿಲ್ಲ. ಕಂಬದಿಂದ ಕಂಬಕ್ಕೆ ಹೋಗುವ ತಾಮ್ರದ ತಂತಿ ತನಗೆ ತಿಳಿಯದೇ ಆಂಟೆನಾ ಆಗಿರುತ್ತದೆ. ಮೀಡಿಯಂ ವೇವ್ ರೇಡಿಯೊ ಕೂಡ ಎಡಿಎಸ್‌ಎಲ್ ಬಳಸುವ ಆವರ್ತನಗಳಲ್ಲೇ ಇದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಈ ಹರವಿನ ನಡುವಿಗೇ ಬರುತ್ತದೆ. ಹಳೇ ರೇಡಿಯೊದ ಮುಳ್ಳನ್ನು ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ ಮನೆಯಲ್ಲಿ ಓಡಾಡಿದರೆ, ಗದ್ದಲ ಮಾಡುವ ಚಾರ್ಜರ್ ಇಲ್ಲವೇ ಎಲ್‌ಇಡಿ ಬಲ್ಬು ಗೊರಗೊರ ಸದ್ದಿನಿಂದ ಸಿಕ್ಕಿಬೀಳುತ್ತದೆ.

ತಾಮ್ರದ ಲೈನಿನಲ್ಲಿ ಮೋಡೆಮ್ ಆಯ್ಕೆಯಿಂದ ಲೈನಿನ ವೇಗವೇ ಬದಲಾಗಬಹುದು. ಎಕ್ಸ್‌ಚೇಂಜಿನ ಉಪಕರಣಕ್ಕೆ ಹೊಂದುವ ಚಿಪ್ ಇದ್ದರೆ, ಮಾರ್ಜಿನ್ ಇಳಿದಾಗಲೂ ಮೋಡೆಮ್ ಸಂಪರ್ಕ ಬಿಡದೆ ನಿಲ್ಲುತ್ತದೆ.

ಫೈಬರ್‌ಗೆ ವಿದ್ಯುತ್ ಗದ್ದಲ ತಾಗುವುದಿಲ್ಲ. ಮನೆಗಳಿಗೆ ಫೈಬರ್ ತಲುಪಿಸುವ ಜಿಪಾನ್ ಜಾಲದಲ್ಲಿ ಒಂದು ಎಳೆಯ 2.488 ಜಿಬಿಪಿಎಸ್ ಅನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಕೇಬಲ್ ಗೋಡೆಯ ಮೂಲೆಯಲ್ಲಿ ಚೂಪಾಗಿ ಬಾಗಿದರೆ, ಕನೆಕ್ಟರಿನ ತುದಿಗೆ ಧೂಳು ಕೂತರೆ ಬೆಳಕು ಸೋರುತ್ತದೆ. 3 ಡೆಸಿಬೆಲ್ ನಷ್ಟವೆಂದರೆ ಅರ್ಧ ಬೆಳಕು ಹೋದಂತೆ. ಬೆಳಕು ಪೂರ್ತಿ ನಿಂತಾಗ ಸೇವಾದಾರರ ಪೆಟ್ಟಿಗೆಯ ಮೇಲೆ, ಸಂಕೇತ ಬರುತ್ತಿಲ್ಲವೆಂದು ಸಾರುವ ಎಲ್‌ಒಎಸ್ ದೀಪ ಕೆಂಪಗಾಗುತ್ತದೆ.

ಫೈಬರ್ ಲೈನ್ ಸರಿಯಿದ್ದರೆ ಇಕ್ಕಟ್ಟು ರೂಟರಿಗೆ ಬರುತ್ತದೆ. ಡಬ್ಬಿಯ ಮೇಲಿನ ‘ಎಸಿ1200’ ಎಂಬ ಅಂಕಿ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್ ಕೂಡಿಸಿ ದುಂಡಗೆ ಮಾಡಿದ್ದು. ಎರಡೂ ಕಾಗದದ ಮೇಲಿನ ಗರಿಷ್ಠ. ಒಂದು ಫೋನಿಗೆ ಒಂದು ಹೊತ್ತಿಗೆ ಒಂದೇ ಆವರ್ತನ ಪಟ್ಟಿ (ಬ್ಯಾಂಡ್). ಅದೇ ರೂಟರಿನ ಹಿಂಬದಿಯ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ, ಲೈನ್ 300 ಕೊಟ್ಟರೂ ಸ್ಪೀಡ್ ಟೆಸ್ಟ್ 94ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಲ್ಯಾನ್ ಕೇಬಲಿನ ಒಂದು ಜೋಡಿ ತಂತಿ ಕಡಿದರೂ ಇದೇ ಫಲ ಬರಬಹುದು.

ವೈಫೈ ಮತ್ತೊಂದು ಸೋರಿಕೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳು ಇವುಗಳಲ್ಲೇ ತುಂಬಿಕೊಳ್ಳುತ್ತವೆ, ಮೈಕ್ರೊವೇವ್ ಒಲೆಯೂ ಅಲ್ಲೇ ಕೂಗುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಟಿವಿ ಕಪಾಟಿನೊಳಗೆ ಬಚ್ಚಿಟ್ಟ ದುಬಾರಿ ರೂಟರಿಗಿಂತ ನಡುಮನೆಯಲ್ಲಿ ಎತ್ತರಕ್ಕಿಟ್ಟ ಸಾಧಾರಣ ರೂಟರ್ ಮೇಲು.

ದೋಷ ಯಾರದೆಂದು ತಿಳಿಯಲು ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಒಳ್ಳೆಯ ಲ್ಯಾನ್ ಕೇಬಲಿನಲ್ಲಿ ಸೇವಾದಾರರ ಪೆಟ್ಟಿಗೆಗೇ ಜೋಡಿಸಿ, ಹಗಲೊಮ್ಮೆ ರಾತ್ರಿಯೊಮ್ಮೆ ವೇಗ ಅಳೆಯಬೇಕು. ಎರಡು ಹೊತ್ತೂ ಕಡಿಮೆಯಿದ್ದರೆ ಲೈನಿನ ದೂರು ಕೊಡಬೇಕು. ರಾತ್ರಿ ಮಾತ್ರ ಕುಸಿದರೆ ಹಂಚಿಕೆಯ ಜಾಲದಲ್ಲಿ ದಟ್ಟಣೆಯಿದೆ. ಕೇಬಲಿನಲ್ಲಿ ಪೂರ್ತಿ ವೇಗ ಬಂದು ವೈಫೈನಲ್ಲಿ ಇಳಿದರೆ ಮೊದಲು ರೂಟರಿನ ಜಾಗ, ಆಮೇಲೆ ಚಾನೆಲ್, ಕೊನೆಗೆ ರೂಟರ್ ಬದಲಿಸಬೇಕು.