ಕಬ್ಬಿಣ ಕದಿಯುವ ಕುರು

"ಮಗಳ ತೊಡೆಯಲ್ಲಿ ಕುರು ಎದ್ದಿದೆ. ಸ್ಕೂಲಲ್ಲಿ ಕೊಡುವ ನೀಲಿ ಮಾತ್ರೆಯಿಂದ ಹೀಗಾಯಿತಾ ಡಾಕ್ಟ್ರೇ?" ಮಾಲೂರು ಕಡೆಯ ತಾಯಿಯೊಬ್ಬರ ಪ್ರಶ್ನೆಯಿದು. ಆ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಕುರುವಿಗೆ ಅದು ಕಾರಣವಲ್ಲ. ಆದರೆ ಕುರುವಿಗೂ ಕಬ್ಬಿಣಕ್ಕೂ ನಂಟಿರುವುದು ನಿಜ.

ಕುರು ಏಳಿಸುವುದು ಸಾಮಾನ್ಯವಾಗಿ ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ಬೆಳೆಯಲೂ ಕಬ್ಬಿಣ ಬೇಕು. ನಮ್ಮ ದೇಹದ ಕಬ್ಬಿಣದಲ್ಲಿ ಸುಮಾರು ಮೂರನೇ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿ, 'ಹೀಮ್' ಎಂಬ ಅಣುವಿನ ನಡುವೆ ಅಡಗಿದೆ. ಬ್ಯಾಕ್ಟೀರಿಯಾ ಕೆಂಪು ರಕ್ತಕಣವನ್ನು ಒಡೆದು, ತನ್ನ ಹೊರಮೈಯ ಪ್ರೋಟೀನುಗಳಿಂದ ಹೀಮನ್ನು ಕಿತ್ತುಕೊಳ್ಳುತ್ತದೆ. ಇಟ್ಟಿಗೆ ಕೈಯಿಂದ ಕೈಗೆ ಸಾಗುವಂತೆ ಹೀಮ್ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಒಳಪೊರೆಗೆ ಬರುತ್ತದೆ. ಪೊರೆಯ ಸಾಗಣೆ ಪ್ರೋಟೀನು ಅದನ್ನು ಒಳಗೆಳೆದುಕೊಳ್ಳುತ್ತದೆ. ಅಲ್ಲಿ ಹೀಮ್ ಒಡೆದು ಕಬ್ಬಿಣ ಬಿಡುಗಡೆಯಾಗುತ್ತದೆ. ಶಿಕಾಗೋದ ವಿಜ್ಞಾನಿಗಳು ಈ ದಾರಿಯನ್ನು 2003ರಲ್ಲಿ ವಿವರಿಸಿದರು.

ದೇಹವೂ ಸುಮ್ಮನಿರದು. ಸೋಂಕು ತಗುಲಿದಾಗ ಯಕೃತ್ತು 'ಹೆಪ್ಸಿಡಿನ್' ಎಂಬ ಹಾರ್ಮೋನನ್ನು ಹೆಚ್ಚಿಸಿ, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಸೇರುವುದನ್ನು ತಗ್ಗಿಸುತ್ತದೆ. ಆದ್ದರಿಂದ ಜೋರು ಜ್ವರವಿದ್ದಾಗ ಕಬ್ಬಿಣದ ಮಾತ್ರೆ ಅಷ್ಟಾಗಿ ಮೈಗೆ ಹತ್ತದು. ಆಗ ವೈದ್ಯರನ್ನು ಕೇಳಿ, ಅವರು ಹೇಳಿದಂತೆ ಮುಂದುವರಿಸಿ.

ಹಾಗೆಂದು ಮಾತ್ರೆಯನ್ನೇ ಬಿಡಿಸಬೇಡಿ. ರಕ್ತಹೀನತೆಯಿಂದ ಸುಸ್ತು, ಓದಿನಲ್ಲಿ ಹಿಂದೆ ಬೀಳುವುದು ತಪ್ಪದು. ಊಟದ ನಂತರ ಮಾತ್ರೆ ಕೊಡಿ. ಅದರ ಹಿಂದೆಯೇ ಕಾಫಿ, ಟೀ ಬೇಡ. ಮುದ್ದೆ, ಸೊಪ್ಪಿನ ಬಸ್ಸಾರಿನ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ ಇರಲಿ.

ಕುರುವನ್ನು ಹಿಸುಕಬೇಡಿ, ಬಿಸಿನೀರಿನ ಶಾಖ ಕೊಡಿ. ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ಕುರು ಎದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.